ಬೇಸ್ತವಾರದ ಗುಳಿಗೆ

ರಂಗಂಪೇಟೆಯಲ್ಲಿ ನಾನು ಕಟಿಂಗ್ ಮಾಡಿಸಿಕೊಳ್ಳುವ ಅಂಗಡಿಯವ ಒಂದು ದಿನ ದನಿ ತಗ್ಗಿಸಿ, ‘ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ, ಇನ್ನ ಮ್ಯಾಲ ಟಾವೆಲ್ ಮನಿಯಿಂದನ ತರ್ರಿ’ ಎಂದ. ತಪ್ಪು ತಿಳಿಯಲಿಲ್ಲ. ನೆತ್ತಿಯಿಂದ, ಮೊಣಕೈಯಿಂದ ಉದುರಿದ ಬೆಳ್ಳನೆಯ ಹೊಟ್ಟನ್ನು ನಾನೇ ದಿನಾ ಹಾಸಿಗೆಯಿಂದ ಝಾಡಿಸುತ್ತಿದ್ದೆ. ಸೋರಿಯಾಸಿಸ್ ಅಂಟುರೋಗವಲ್ಲ ಎಂದು ಎಷ್ಟು ಜನರಿಗೆ ಹೇಳಿಕೊಂಡು ತಿರುಗಲಿ?

ಮುಲಾಮುಗಳಿಗೆ ಅದು ಬಗ್ಗಲಿಲ್ಲ. 2014ರಲ್ಲಿ ಕಲಬುರಗಿಯ ಚರ್ಮವೈದ್ಯರು ಮೆಥೊಟ್ರೆಕ್ಸೇಟ್ ಗುಳಿಗೆ ಬರೆದುಕೊಟ್ಟರು. ವಾರಕ್ಕೊಮ್ಮೆ, ಬೇಸ್ತವಾರ ಮಾತ್ರ. ಉಳಿದ ದಿನ ಫೋಲಿಕ್ ಆಮ್ಲ. ಎರಡು ತಿಂಗಳಲ್ಲಿ ಮೊಣಕೈ ನುಣ್ಣಗಾಯಿತು. ಹಿಗ್ಗಿದವಳು ಅವ್ವ. ವಾರಕ್ಕೊಂದು ಇಷ್ಟು ಮಾಡಿದರೆ ದಿನಕ್ಕೊಂದು ಎಷ್ಟು ಮಾಡೀತು ಎಂಬುದು ಅವಳ ಲೆಕ್ಕ. ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿದ್ದ ನಾನು, ಅಂಗೈಗೆ ಅವಳು ಇಟ್ಟಿದ್ದನ್ನು ಫೋಲಿಕ್ ಆಮ್ಲವೆಂದೇ ನುಂಗಿದೆ. ಆರನೆಯ ದಿನಕ್ಕೆ ಬಾಯೆಲ್ಲ ಹುಣ್ಣು. ಅಂಬಲಿ ಕೂಡ ಇಳಿಯದು. ರಕ್ತ ಪರೀಕ್ಷೆ ಮಾಡಿದರೆ ಬಿಳಿರಕ್ತಕಣಗಳು ಕುಸಿದಿದ್ದವು. ಆಸ್ಪತ್ರೆಗೆ ಸೇರಿಸಿಕೊಂಡರು.

‘ಈ ಗುಳಿಗಿಗೆ ಚರ್ಮ ಅಂದ್ರ ಏನೂ ಗೊತ್ತಿಲ್ರಿ. ಅದಕ್ಕ ಅವಸರ ಅಷ್ಟ ಗೊತ್ತು’ ಎಂದರು ವೈದ್ಯರು.

ನಮ್ಮ ಚರ್ಮದ ಕೋಶ ತಳದಲ್ಲಿ ಹುಟ್ಟಿ, ಮಾಗುತ್ತಾ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಮೂರರಿಂದ ಐದೇ ದಿನ. ಹಂಚಿನಿಂದ ಅರೆಬೆಂದಾಗಲೇ ತೆಗೆದ ರೊಟ್ಟಿಗಳಂತೆ ಒಂದರ ಮೇಲೊಂದು ಪೇರುತ್ತವೆ. ಅವಸರ ಹಚ್ಚುವವು ನಮ್ಮವೇ ಬಿಳಿರಕ್ತಕಣಗಳು. ಶತ್ರುವಿಲ್ಲದಿದ್ದರೂ ಉರಿಯೂತದ ಸಂದೇಶಗಳನ್ನು ಕಳಿಸುತ್ತಲೇ ಇರುತ್ತವೆ.

ಕೋಶ ಎರಡಾಗಬೇಕಾದರೆ ಹೊಸ ಡಿಎನ್ಎ ಬೇಕು. ಅದಕ್ಕೆ ಸೊಪ್ಪುಗಳಲ್ಲಿರುವ ಫೋಲೇಟ್ ಬೇಕು. ಅದನ್ನು ಬಳಕೆಗೆ ಸಿದ್ಧಮಾಡುವ ಒಂದು ಕಿಣ್ವವಿದೆ. ಮೆಥೊಟ್ರೆಕ್ಸೇಟ್ ಫೋಲೇಟಿನ ವೇಷದಲ್ಲಿ ಬಂದು ಆ ಕಿಣ್ವದ ಜಾಗ ಹಿಡಿದು ಕೂತುಬಿಡುತ್ತದೆ. ವಾರಕ್ಕೊಮ್ಮೆಯಾದರೆ ಕೆರಳಿದ ಬಿಳಿರಕ್ತಕಣಗಳು ತಣ್ಣಗಾಗುತ್ತವೆ, ಉಳಿದವು ಸುಧಾರಿಸಿಕೊಳ್ಳುತ್ತವೆ. ದಿನಾ ತಿಂದರೆ? ಬಾಯಿಯ ಒಳಪದರು, ಕರುಳು, ಎಲುಬಿನ ಮಜ್ಜೆ, ಇವೂ ಸದಾ ಅವಸರದಲ್ಲಿರುವ ಕೋಶಗಳೇ. ಜೀವಕ್ಕೇ ಸಂಚಕಾರ. ನನಗೆ ಕೊಟ್ಟ ಮದ್ದು ಫೋಲಿನಿಕ್ ಆಮ್ಲ. ಮುಚ್ಚಿದ ಬಾಗಿಲನ್ನು ಬಿಟ್ಟು ಹಿತ್ತಲಿನಿಂದ ಫೋಲೇಟ್ ತಲುಪಿಸುವ ಉಪಾಯ. ಅಂದಹಾಗೆ, 1940ರ ದಶಕದಲ್ಲಿ ಅಮೆರಿಕದಲ್ಲಿ ಫೋಲಿಕ್ ಆಮ್ಲವನ್ನೂ ಅದರ ವೇಷಧಾರಿಗಳನ್ನೂ ತಯಾರಿಸಿದ ತಂಡದ ಮುಖ್ಯಸ್ಥ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಠ್ಯಗಳಲ್ಲಿ ಅವರ ಹೆಸರು ನಾನಂತೂ ಕಂಡಿಲ್ಲ.

ಬೆಂಗಳೂರಿನ ಬಯೋಕಾನ್ 2013ರಲ್ಲಿ ತಂದ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯದ ದಾರಿಯೇ ಬೇರೆ. ಅದು ‘ಟಿ’ ಎಂಬ ಬಿಳಿರಕ್ತಕಣದ ಮೇಲಿನ ಸಿಡಿ-6 ಎಂಬ ಗುರುತನ್ನೇ ಹಿಡಿದು ಅದರ ಹಾರಾಟ ತಗ್ಗಿಸುತ್ತದೆ. ಡಿಎನ್ಎ ಗೊಡವೆಗೆ ಹೋಗುವುದಿಲ್ಲ. ರಕ್ತನಾಳಕ್ಕೆ ಹನಿಸಬೇಕಾದ ಮದ್ದು. ಬೆಲೆ ಕೇಳಿ ನಾನು ಗುಳಿಗೆಗೇ ಮರಳಿದೆ, ನಿಯಮಿತ ರಕ್ತ ಪರೀಕ್ಷೆಯೊಂದಿಗೆ.

ಆಸ್ಪತ್ರೆಯಲ್ಲಿ ಅವ್ವ ಮೂರು ದಿನ ಉಣ್ಣಲಿಲ್ಲ. ‘ನನ್ನ ಕೈಲೇ ಇಟ್ಟೆನಲ್ಲೋ ತಮ್ಮಾ’ ಎಂಬುದೊಂದೇ ಮಾತು. ಈಗ ಆ ಗುಳಿಗೆಯ ಪಟ್ಟಿ ಅವಳ ಟ್ರಂಕಿನಲ್ಲಿದೆ, ಕೀಲಿ ಸೊಂಟದಲ್ಲಿ. ಊರಿಗೆ ಹೋಗುವುದಿದೆ, ಒಂದು ದಿನ ಮುಂಚೆ ಕೊಡು ಎಂದರೂ ಕ್ಯಾಲೆಂಡರ್ ನೋಡದೆ ಏಳುವುದಿಲ್ಲ. ‘ಇವತ್ತು ಬುಧವಾರ. ನಾಳೆ ತಿಂದು ಹೋಗು.’