ಇಪ್ಪತ್ತೆಂಟು, ಬ್ರಿಡ್ಜು ಮತ್ತು ನಮ್ಮ ದೊಡ್ಡಪ್ಪ

ಇಸ್ಪೀಟು ಅಂದ ಕೂಡಲೇ ನಮ್ಮ ಮೈಸೂರು ಕಡೆ ಜನಕ್ಕೆ ನೆನಪಾಗೋದು ಎರಡೇ. ಒಂದು ಯುಗಾದಿ, ಇನ್ನೊಂದು ಪೊಲೀಸ್ ರೇಡು! ವರ್ಷವಿಡೀ ಎಲೆ ಮುಟ್ಟದವರೂ ಯುಗಾದಿ ದಿನ ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಕೂತುಬಿಡ್ತಾರೆ. ಹೀಗಾಗಿ ‘ನಮ್ಮ ಮನೇಲಿ ಎಲ್ಲರೂ ಇಸ್ಪೀಟ್ ಆಡ್ತೀವಿ’ ಅಂತ ಹೇಳಿದ್ರೆ ಎದುರಿಗಿದ್ದವರ ಮುಖ ಒಂಥರಾ ಆಗುತ್ತೆ. ಹೆಣ್ಣು ಕೊಡೋ ಮನೆಯವರ ಮುಂದಂತೂ ಈ ಮಾತು ಆಡಲೇಬಾರದು :)

ಆದ್ರೆ ಇಸ್ಪೀಟಿನಲ್ಲಿ ಎರಡು ಕುಲ ಇದೆ ಸ್ವಾಮಿ. ಅಂದರ್ ಬಾಹರ್, ಮೂರೆಲೆ ಇವೆಲ್ಲ ಬರೀ ಅದೃಷ್ಟ. ಎಲೆ ಬಿತ್ತು, ದುಡ್ಡು ಹೋಯ್ತು. ಇನ್ನೊಂದು ಕುಲ ತಲೆ ಓಡಿಸೋದು. ಈ ವ್ಯತ್ಯಾಸವನ್ನ ಸುಪ್ರೀಂ ಕೋರ್ಟೇ 1967ರಲ್ಲಿ, ಆಂಧ್ರದಿಂದ ಬಂದ ಒಂದು ರಮ್ಮಿ ಕೇಸಿನಲ್ಲಿ ಹೇಳಿದೆ. ರಮ್ಮಿ ಮೂರೆಲೆಯ ಥರ ಅಲ್ಲ, ಬಿದ್ದ ಎಲೆಗಳನ್ನ ನೆನಪಿಟ್ಟುಕೊಳ್ಳಬೇಕು, ಅದಕ್ಕೆ ಜಾಣತನ ಬೇಕು ಅಂತ. ಅಲ್ಲಿ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಡ್ಜನ್ನ. ‘ಬಿದ್ದ ಎಲೆಗಳನ್ನ ನೆನಪಿಟ್ಟುಕೊಳ್ಳೋದು’... ಈ ಮಾತನ್ನ ಸ್ವಲ್ಪ ನೆನಪಿಟ್ಟಿರಿ, ಮುಂದೆ ಬೇಕಾಗುತ್ತೆ.

ನಮ್ಮ ಮನೆ ಆಟ ಇಪ್ಪತ್ತೆಂಟು. ಅದನ್ನ ತಂದಿದ್ದು ದೊಡ್ಡಪ್ಪ. ಎಪ್ಪತ್ತರ ದಶಕದಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟೆ ಏಳುತ್ತಿದ್ದಾಗ ಅವರು ಅಲ್ಲಿ ಸ್ಟೋರಿನ ಲೆಕ್ಕ ಬರೀತಿದ್ರು. ಬಾವಲಿ ದಾಟಿದರೆ ವಯನಾಡು, ಕೆಲಸಕ್ಕೆ ಬಂದಿದ್ದ ಮಲಯಾಳಿ ಗೆಳೆಯರಿಂದ ಇಪ್ಪತ್ತೆಂಟು ಕಲಿತರು. ಕ್ಯಾಂಪಿನ ಇಂಜಿನಿಯರುಗಳು ಸಂಜೆ ಬ್ರಿಡ್ಜ್ ಆಡೋವಾಗ ಹಿಂದೆ ನಿಂತು ನೋಡಿ ನೋಡಿ ಅದನ್ನೂ ಕಲಿತರು. ನಾಲ್ಕನೆಯವರು ಬರದ ದಿನ ‘ಬಾರಯ್ಯ, ಕೂತ್ಕೊ’ ಅಂತ ಕರೆದರಂತೆ. ಆಮೇಲೆ ಕರೆಯೋದು ಅಭ್ಯಾಸ ಆಯ್ತಂತೆ.

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರಲ್ಲಿ ಹೊಗೆಸೊಪ್ಪು ಬೆಳೀತಾರೆ. ಕೊಯ್ದ ಸೊಪ್ಪನ್ನ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ನಿದ್ದೆಗೆಡೋ ಆ ರಾತ್ರಿಗಳಲ್ಲೇ ನಾವೆಲ್ಲ ಆಟ ಕಲಿತದ್ದು. ದೊಡ್ಡಪ್ಪ ಊರಿನವರು, ಚಿಕ್ಕಪ್ಪ ಎಚ್.ಡಿ.ಕೋಟೆಯಲ್ಲಿ, ಮಾವ ಕೆ.ಆರ್.ನಗರ, ನಾನು ಕೆಲಸದ ಮೇಲೆ ಹುಣಸೂರು. ನಾಲ್ಕು ತಾಲ್ಲೂಕು, ನಾಲ್ಕು ಜನ. ದೊಡ್ಡಪ್ಪ ನಾನು ಒಂದು ಜೋಡಿ, ಮಾವ ಚಿಕ್ಕಪ್ಪ ಇನ್ನೊಂದು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಆಟ ಹೇಳ್ತೀನಿ. ಏಳರಿಂದ ಎಕ್ಕದವರೆಗೆ 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಗೆ ಸೊನ್ನೆ! (ಗುಲಾಮ ರಾಜನನ್ನ ಹೊಡೆಯೋ ಈ ಆಟ ನನಗೆ ಅದಕ್ಕೇ ಇಷ್ಟ.) ಒಂದು ಜಾತಿಗೆ ಏಳು, ನಾಲ್ಕು ಜಾತಿಗೆ ಇಪ್ಪತ್ತೆಂಟು. ಜಾತಿ ಅಂದ್ರೆ ಇಸ್ಪೀಟು, ಆಟಿನ್, ಡೈಮಂಡು, ಕಳಾವರ್. ಬೇರೆ ಜಾತಿ ವಿಷಯ ಇಲ್ಲಿ ಬೇಡ :) ಮೊದಲು ನಾಲ್ಕು ನಾಲ್ಕು ಎಲೆ ಹಂಚಿ ಕೂಗು ಶುರು, ಹದಿನಾಲ್ಕರಿಂದ ಮೇಲಕ್ಕೆ. ಹೆಚ್ಚು ಕೂಗಿದವನು ಒಂದು ಎಲೆಯನ್ನ ತುರುಫು ಅಂತ ಮಗುಚಿ ಇಡ್ತಾನೆ. ಆಮೇಲೆ ಉಳಿದ ನಾಲ್ಕು ನಾಲ್ಕು ಹಂಚಿ ಆಟ. ಕೂಗಿದಷ್ಟು ಪಾಯಿಂಟು ಅವನೂ ಜೊತೆಗಾರನೂ ಸೇರಿ ತರಬೇಕು. ನಮ್ಮಲ್ಲಿ ಇದಕ್ಕೆ ‘ಕೂಗೋದು’ ಅಂತೀವಿ, ಹರಾಜು ಕೂಗಿದ ಹಾಗೆ. ಹೊಗೆಸೊಪ್ಪಿನ ಮಾರುಕಟ್ಟೆ ನೋಡಿದ ಜನಕ್ಕೆ ಕೂಗು ಹೊಸದಲ್ಲವಲ್ಲ.

ಬ್ರಿಡ್ಜಿನಲ್ಲೂ ಹೀಗೇ ಕೂಗು, ಆದ್ರೆ 52 ಎಲೆ, ತಲೆಗೆ 13. ಅಲ್ಲಿ ಬಾಯಿಂದ ಬರಬಹುದಾದ ಪದಗಳು ಹದಿನೈದೇ ಹದಿನೈದು ಗೊತ್ತಾ? ಒಂದರಿಂದ ಏಳು, ನಾಲ್ಕು ಜಾತಿ, ನೋ ಟ್ರಂಪ್, ಪಾಸ್, ಡಬಲ್, ರೀಡಬಲ್. ಅಷ್ಟೇ. ನಿಮ್ಮ ಕೈಲಿರೋ 13 ಎಲೆಯ ಕಥೆಯನ್ನ ಇಷ್ಟರಲ್ಲೇ ಜೊತೆಗಾರನಿಗೆ ಹೇಳಬೇಕು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಎಣಿಸಿದರೆ ಇಡೀ ಕಟ್ಟಿನಲ್ಲಿ 40. ಸರಾಸರಿ ತಲೆಗೆ 10. ಹನ್ನೆರಡು ಹದಿಮೂರು ಇದ್ದರೆ ಬಾಯಿ ತೆರೀಬಹುದು, ಇಲ್ಲದಿದ್ದರೆ ಸಾಮಾನ್ಯವಾಗಿ ಪಾಸ್. ದೊಡ್ಡಪ್ಪ ಹೇಳೋರು, “ಕೂಗೋದು ಅಂದ್ರೆ ಕೊಚ್ಕೊಳ್ಳೋದಲ್ಲ ಕಣ್ಲಾ ಮಗ. ನನ್ ತಾವ ಇಷ್ಟೈತೆ ಅಂತ ನಿಜ ಹೇಳೋದು. ಇಲ್ದೆ ಹೋದ್ರೆ ಇಲ್ಲ ಅನ್ನೋದು. ಪಾಸ್ ಅನ್ನೋದೂ ಮಾತೇಯ.”

ಈಗ ಎಣಿಕೆಗೆ ಬರೋಣ. ಹೊಸಬರು 32 ಎಲೇನೂ ನೆನಪಿಡಬೇಕು ಅಂದುಕೊಂಡು ಹೆದರ್ತಾರೆ. ದೊಡ್ಡಪ್ಪನ ಸೂತ್ರ ಬೇರೆ: “ಎಲೆ ಎಣಿಸ್ಬೇಡ, ಯಾರು ಎಲೆ ಇಲ್ಲ ಅಂದ್ರು ಅದನ್ನ ಎಣಿಸು.” ಇಪ್ಪತ್ತೆಂಟರಲ್ಲಿ ಒಂದು ಜಾತಿಗೆ ಎಂಟೇ ಎಲೆ. ನಾಲ್ವರೂ ಎರಡು ಸುತ್ತು ಅದೇ ಜಾತಿ ಹಾಕಿದ್ರೆ ಆ ಜಾತಿ ಮುಗೀತು, ಲೆಕ್ಕವೇ ಬೇಡ. ಯಾರೋ ಒಬ್ಬ ಬೇರೆ ಎಲೆ ಹಾಕಿದಾಗ ಮಾತ್ರ ಅವನ ಮುಖಕ್ಕೆ ಮನಸ್ಸಲ್ಲೇ ಒಂದು ಗೆರೆ ಎಳೀಬೇಕು. ಬ್ರಿಡ್ಜಿನಲ್ಲೂ ಅಷ್ಟೇ. ನನ್ನ ಕೈಲಿ ಐದು ಆಟಿನ್, ಜೊತೆಗಾರನ ಕೈಲಿ ಮೂರು, ಅಂದ್ರೆ ಹೊರಗೆ ಐದು. ಆ ಐದು ಎದುರಾಳಿಗಳ ನಡುವೆ ಮೂರು-ಎರಡು ಆಗಿ ಒಡೆಯೋದು ನೂರಕ್ಕೆ 68 ಸಲ, ನಾಲ್ಕು-ಒಂದು 28 ಸಲ, ಐದೂ ಒಬ್ಬನ ಹತ್ರವೇ ಇರೋದು ನಾಲ್ಕು ಸಲ. ದೊಡ್ಡಪ್ಪ ಶೇಕಡಾ ಗಿಕಡಾ ಹೇಳ್ತಿರಲಿಲ್ಲ. ಆದ್ರೆ ಆಟ ಮುಗಿದು ಅರ್ಧ ಗಂಟೆಯಾದ ಮೇಲೂ ‘ಮೂರನೇ ಸುತ್ನಲ್ಲಿ ನೀನು ಡೈಮಂಡ್ ಎಂಟು ಹಾಕ್ದೆ ನೋಡು’ ಅಂತ ಇಡೀ ಆಟ ಬಿಚ್ಚಿ ಹರಡೋರು.

ಇನ್ನು ಶಿಸ್ತು. ಇಲ್ಲಿ ಅವರು ಮೇಷ್ಟ್ರಿಗಿಂತ ಕಟ್ಟುನಿಟ್ಟು. ಕೂಗೋವಾಗ ದನಿ ಏರಿಸಬಾರದು, ಇಳಿಸಬಾರದು. ಎಲೆಯನ್ನ ರಪ್ಪಂತ ಬಡೀಬಾರದು. ತುಂಬ ಹೊತ್ತು ಯೋಚಿಸಿ ಪಾಸ್ ಅಂದ್ರೆ ‘ನನ್ನತ್ರ ಏನೋ ಇದೆ’ ಅಂತ ಜೊತೆಗಾರನಿಗೆ ಹೇಳಿದ ಹಾಗೇ ಆಯ್ತು, ಅದನ್ನ ಜೊತೆಗಾರ ಕೇಳಿಸಿಕೊಳ್ಳಲೇಬಾರದು. ಚಿಕ್ಕಪ್ಪ ಒಮ್ಮೆ ಎದೆ ಕೆರೆದುಕೊಂಡರು ಅಂತ (ಎದೆ ಅಂದ್ರೆ ಆಟಿನ್ ಅಲ್ವಾ!) ಮತ್ತೆ ಕಲೆಸಿ ಹಂಚಿಸಿದ್ರು. ಪಾಪ, ಅವರಿಗೆ ನಿಜವಾಗ್ಲೂ ಸೊಳ್ಳೆ ಕಚ್ಚಿತ್ತು. ಎಲ್ಲಕ್ಕಿಂತ ದೊಡ್ಡ ನಿಯಮ: ಜೊತೆಗಾರ ಎಂಥ ದಡ್ಡ ಎಲೆ ಹಾಕಿದ್ರೂ ಮುಖದ ಮೇಲೆ ತೋರಿಸಬಾರದು.

ಇದೆಲ್ಲ ಹಳ್ಳಿ ಮಡಿವಂತಿಕೆ ಅಂದುಕೋಬೇಡಿ. 1975ರಲ್ಲಿ ಬರ್ಮುಡಾದಲ್ಲಿ ನಡೆದ ಬ್ರಿಡ್ಜ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೊತೆಗಾರರು ಮುಖ ಮುಖ ನೋಡದ ಹಾಗೆ ಮೇಜಿನ ಮೇಲೆ ಅಡ್ಡ ಪರದೆ ಕಟ್ಟಿದ್ರು. ಆಗ ಇಟಲಿಯ ಜೋಡಿಯೊಂದರಲ್ಲಿ ಒಬ್ಬರ ಕಾಲು ಮೇಜಿನ ಕೆಳಗೆ ಜೊತೆಗಾರನ ಕಾಲು ತುಳೀತಿದೆ ಅಂತ ಗಲಾಟೆ. ಆಮೇಲೆ ಮೇಜಿನ ಕೆಳಗೂ ಅಡ್ಡ! 2015ರಲ್ಲಿ ಇಸ್ರೇಲಿನ ಒಂದು ಜೋಡಿ ಎಲೆ ಇಡೋ ಹಲಗೆಯನ್ನ ಮೇಜಿನ ಮೇಲೆ ಎಲ್ಲಿ ಇಡ್ತಾರೆ ಅನ್ನೋದರಲ್ಲೇ ಸುದ್ದಿ ಕಳಿಸ್ತಿದ್ದದ್ದು ವಿಡಿಯೋ ನೋಡಿ ಬಯಲಾಯ್ತು. ಬ್ರಿಡ್ಜಿನ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ: ಜೊತೆಗಾರನ ಕೂಗಿಗೆ ಏನಾದ್ರೂ ವಿಶೇಷ ಅರ್ಥ ಇದ್ದರೆ ಅದನ್ನ ಎದುರಾಳಿಗಳಿಗೂ ತಿಳಿಸಬೇಕು. ಎಲೆ ಗುಟ್ಟಾಗಿರಬಹುದು, ಭಾಷೆ ಗುಟ್ಟಾಗಿರಬಾರದು.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ...

2022ರ ಮಳೆಗಾಲ. ಬ್ಯಾರನ್ ಮುಂದೆ ನಾವು ನಾಲ್ವರು. ಐದನೇ ಸುತ್ತಿನಲ್ಲಿ ದೊಡ್ಡಪ್ಪ ಎಲೆ ಹಿಡಿದು ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, “ಕಳಾವರ್ ಗುಲಾಮ ಹೋಯ್ತಾ?”

ಆಟದ ಮಧ್ಯೆ ಹಾಗೆ ಕೇಳೋ ಹಾಗಿಲ್ಲ. ಆ ನಿಯಮ ನಮಗೆ ಕಲಿಸಿದವರೇ ಅವರು. ಅದೂ ಹೋಗಲಿ, ಆ ಗುಲಾಮ ಎರಡನೇ ಸುತ್ತಿನಲ್ಲಿ ಬಿದ್ದದ್ದು ಅವರ ಕೈಯಿಂದಲೇ. ನಾನು ಜೊತೆಗಾರ, ನಾನು ಹೇಳೋ ಹಾಗಿರಲಿಲ್ಲ. ಬ್ಯಾರನ್ನಿನ ಬೆಂಕಿ ಚಟಪಟ ಅನ್ನೋದು ಬಿಟ್ರೆ ಸದ್ದಿಲ್ಲ. ಕೊನೆಗೆ ಎದುರಾಳಿ ಮಾವ ಎಲೆಯಿಂದ ಕಣ್ಣು ಎತ್ತದೇ ಹೇಳಿದರು, “ಹೋಯ್ತು ಭಾವ. ನೀವೇ ಹಾಕಿದ್ರಿ.” ಹೇಳಿದ್ದರಿಂದ ಆ ಆಟ ಅವರಿಗೆ ಹೋಯ್ತು. ಸೋತದ್ದಕ್ಕೆ ಮಾವ ಒಂದು ಮಾತೂ ಆಡಲಿಲ್ಲ.

ಅವತ್ತಿನಿಂದ ದೊಡ್ಡಪ್ಪ ಕೂಗೋದನ್ನ ನಿಲ್ಲಿಸಿದರು. ಪಾಸ್, ಪಾಸ್, ಪಾಸ್. ಆಮೇಲೆ ನೋಡಿದರೆ ಕೈಲಿ ಒಂದೇ ಜಾತಿಯ ಗುಲಾಮ, ಒಂಬತ್ತು ಎರಡೂ ಇರೋದು! ಯಾಕೆ ದೊಡ್ಡಪ್ಪ ಅಂತ ಯಾರೂ ಕೇಳಲಿಲ್ಲ. ನನಗೆ ಅರ್ಥ ಆಗಿತ್ತು. ಎಲೆ ಇದೆ, ಅದನ್ನ ಕೊನೆವರೆಗೆ ನಡೆಸೋ ನೆನಪು ತನ್ನ ಹತ್ತಿರ ಇಲ್ಲ, ನನ್ನ ನಂಬಬೇಡ ಅಂತ ಅವರು ನಿಜ ಹೇಳ್ತಿದ್ರು. ಮನೆಯಲ್ಲಿ ಬೇರೆ ಯಾರಿಗೂ ಇನ್ನೂ ಗೊತ್ತಿರಲಿಲ್ಲ. ಮೈಸೂರಿನ ಡಾಕ್ಟರು ಮರೆವಿನ ಕಾಯಿಲೆಯ ಶುರು ಅಂತ ಹೇಳಿದ್ದು ಅದಾಗಿ ಐದು ತಿಂಗಳಿಗೆ.

ಆಟ ಬಿಡಿಸಬೇಡಿ, ನಾಲ್ಕು ಜನರ ಜೊತೆ ಕೂತಿರಲಿ ಅಂದರು ಡಾಕ್ಟರು. ಆದ್ರೆ ಪ್ರತಿ ಸಲ ಪಾಸ್ ಹೇಳ್ಕೊಂಡು ಕೂರೋದು ಯಾವ ಸೀಮೆ ಆಟ? ಆಗ ಮಾವ ಅಂದ್ರು, “ಬ್ರಿಡ್ಜ್ ಆಡೋಣ. ಅದ್ರಲ್ಲಿ ಡಮ್ಮಿ ಇದೆಯಲ್ಲ.”

ಬ್ರಿಡ್ಜಿನಲ್ಲಿ ಕೂಗು ಗೆದ್ದ ಜೋಡಿಯಲ್ಲಿ ಒಬ್ಬ ಆಡ್ತಾನೆ. ಇನ್ನೊಬ್ಬ ತನ್ನ ಹದಿಮೂರೂ ಎಲೆಯನ್ನ ಮೇಜಿನ ಮೇಲೆ ಅಂಗಾತ ಹರಡಿ ಸುಮ್ಮನಾಗ್ತಾನೆ. ಅವನೇ ಡಮ್ಮಿ. ಆಡೋನು ಎರಡೂ ಕೈ ಆಡ್ತಾನೆ. ಯೋಚಿಸಿ ನೋಡಿದ್ರೆ ಕೂಗೋದಕ್ಕೆ ಹಿಂದಿನ ಎಲೆಯ ನೆನಪು ಬೇಡ. ಎಲೆ ಕಣ್ಣ ಮುಂದಿದೆ, 4-3-2-1 ಕೂಡಿಸಿದ್ರೆ ಆಯ್ತು. ಐವತ್ತು ವರ್ಷದ ಹಿಂದೆ ಕಬಿನಿ ಕ್ಯಾಂಪಿನಲ್ಲಿ ಕಲಿತ ಆ ಲೆಕ್ಕ ದೊಡ್ಡಪ್ಪನಿಗೆ ಕಲ್ಲಲ್ಲಿ ಕೆತ್ತಿದ ಹಾಗಿದೆ. ಬೆಳಿಗ್ಗೆ ತಿಂಡಿ ತಿಂದದ್ದು ಮರೆತರೂ ಅದು ಮರೆತಿಲ್ಲ. ಜೊತೆಗೆ ‘ಟ್ರಾನ್ಸ್‌ಫರ್’ ಅಂತ ಒಂದು ಪದ್ಧತಿ ಇದೆ. ನಾನು ಒಂದು ನೋ ಟ್ರಂಪ್ ಅಂದಾಗ ಅವರ ಹತ್ರ ಐದು ಆಟಿನ್ ಇದ್ದರೆ ಎರಡು ಡೈಮಂಡ್ ಅಂತಾರೆ, ನಾನು ಎರಡು ಆಟಿನ್ ಅಂತೀನಿ. ಆಟಿನ್ ಅಂತ ಮೊದಲು ಹೇಳಿದವನು ನಾನಾದ್ದರಿಂದ ಅದೇ ತುರುಫಾದರೆ ಆಡೋನೂ ನಾನೇ. ಇದು ಪ್ರಪಂಚದಲ್ಲೆಲ್ಲ ಇರೋ ಪದ್ಧತಿ, ನಾವು ಕಂಡುಹಿಡಿದದ್ದಲ್ಲ. ಮಾವನಿಗೂ ಚಿಕ್ಕಪ್ಪನಿಗೂ ಮೊದಲೇ ಹೇಳಿದ್ದೀವಿ.

ಎಲ್ಲ ಸಲ ಹೀಗೆ ಆಗಲ್ಲ. ಕೆಲವು ಸಲ ಅವರೇ ಆಡಬೇಕಾಗಿ ಬರುತ್ತೆ, ಎಣಿಕೆ ತಪ್ಪುತ್ತೆ, ಸೋಲ್ತೀವಿ. ಎದುರಾಳಿಗಳು ಆಡೋವಾಗ ‘ಎರಡನೇ ಕೈ ಸಣ್ಣದು, ಮೂರನೇ ಕೈ ದೊಡ್ಡದು’ ಅನ್ನೋ ಹಳೇ ಸೂತ್ರ ಹಿಡ್ಕೊಂಡು ಸಾಗ್ತಾರೆ. ಯಾರೂ ಬೇಕೂಂತ ಸೋಲಬಾರದು ಅಂತ ಮಾವ ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದಾರೆ. ಅದು ಗೊತ್ತಾದರೆ ದೊಡ್ಡಪ್ಪ ಎಲೆ ಬಿಸಾಕಿ ಎದ್ದುಹೋಗ್ತಾರೆ ಅನ್ನೋದು ನಮಗೆಲ್ಲ ಗೊತ್ತು.

2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಡ್ಜಿನಲ್ಲಿ ಚಿನ್ನ ಗೆದ್ದಾಗ ಅವರಿಗೆ 60, 56 ವಯಸ್ಸು. ಪೇಪರ್ ತೋರಿಸಿದ್ದಕ್ಕೆ ದೊಡ್ಡಪ್ಪ ಆಗ ‘ಇನ್ನೂ ಹುಡುಗ್ರು’ ಅಂದಿದ್ರು. ಈಗ ಅವರಿಗೆ 78.

ಡಮ್ಮಿ ಆದವನು ಆಟದ ನಡುವೆ ಸಲಹೆ ಕೊಡಬಾರದು, ಹುಬ್ಬೂ ಹಾರಿಸಬಾರದು. ಆದ್ರೆ ಜೊತೆಗಾರ ಬೇರೆ ಜಾತಿ ಎಲೆ ಹಾಕಿದಾಗ, ಮರೆತು ಹಾಗೆ ಮಾಡಿರಬಹುದು ಅಂತ ಎಚ್ಚರಿಸೋಕೆ ಒಂದು ಪ್ರಶ್ನೆ ಕೇಳಬಹುದು: ಆ ಜಾತಿ ಇಲ್ವಾ? ದೊಡ್ಡಪ್ಪ ಇದನ್ನ ಒಂದು ಸಲವೂ ಬಿಟ್ಟಿಲ್ಲ. ನಾನು ತುರುಫು ಹಾಕಿದಾಗೆಲ್ಲ ಕೈ ಕಟ್ಟಿಕೊಂಡು ಕೂತವರು ಮುಂದೆ ಬಾಗಿ ಕೇಳ್ತಾರೆ, “ಕಳಾವರ್ ಇಲ್ವಾ ಮಗ?” “ಇಲ್ಲ ದೊಡ್ಡಪ್ಪ” ಅಂತೀನಿ. ತಲೆ ಆಡಿಸಿ ಮತ್ತೆ ಹಿಂದಕ್ಕೆ ಒರಗ್ತಾರೆ.

ಚಿಕ್ಕಪ್ಪನಿಗೆ ಈಗ ಮಂಡಿ ನೋವು, ಎಲ್ಲ ಭಾನುವಾರ ಬರೋಕಾಗಲ್ಲ. ನಾಲ್ಕನೆಯವರು ಬೇಕು. ಬ್ರಿಡ್ಜ್ ಗೊತ್ತಿದ್ದು ಪಿರಿಯಾಪಟ್ಟಣದ ಕಡೆ ಬರೋರಿದ್ದರೆ ತಿಳಿಸಿ, ಕಾಫಿ ತಿಂಡಿ ನಮ್ಮದು. ಷರತ್ತು ಒಂದೇ, ಎದೆ ಕೆರೆದುಕೊಳ್ಳಬಾರದು :)