ಸುಧಾರಿಸಿಕೊಳ್ಳುವುದು

ನವೆಂಬರ್ 22, 2021, ಸೋಮವಾರ

ನಿನ್ನೆ ರಾತ್ರಿಯ ಮಳೆಗೆ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನೊಳಕ್ಕೆ ನೀರು ನುಗ್ಗಿದೆ. ನಿಂತ ಕಾರುಗಳ ನಡುವೆ ರಬ್ಬರ್ ದೋಣಿ ಓಡಾಡುತ್ತಿತ್ತು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್ ಅಲ್ಲಿ ನೆಲಮಹಡಿಯಲ್ಲಿ ಒಬ್ಬರೇ ಇರುವುದು. ಮಧ್ಯಾಹ್ನ ದೋಣಿಯಿಂದ ಇಳಿದಾಗ ಕೈಯಲ್ಲಿ ಮಾತ್ರೆ ಡಬ್ಬಿ ಮತ್ತು ಬ್ಯಾಂಕ್ ಪಾಸ್‌ಬುಕ್. ಮನೆಗೆ ಕರೆದುಕೊಂಡು ಬಂದೆ. ‘ಮೊದಲು ಸ್ವಲ್ಪ ಸುಧಾರಿಸ್ಕೊಳ್ಳಿ ಟೀಚರ್’ ಅಂದೆ.

ರಾತ್ರಿ ಪತ್ರಿಕೆಯ ಪುಟ ನೋಡುವ ಹೊತ್ತಿಗೆ ಹೊಸ ಹುಡುಗನೊಬ್ಬ ಕೊಟ್ಟ ತಲೆಬರಹ ಬಂತು: ‘ಪುಟಿದೇಳಲಿದೆ ಯಲಹಂಕ’. ಹೊಡೆದು ಹಾಕಿದೆ. ನೀರಿನ್ನೂ ಇಳಿದಿಲ್ಲ.

ನವೆಂಬರ್ 23, ಮಂಗಳವಾರ

ಹುಡುಗ ಫೋನ್ ಮಾಡಿ ಕೇಳಿದ, ‘ಮೇಡಂ, ಪುಟಿದೇಳು ಅನ್ನೋದು ತಪ್ಪಾ?’ ತಪ್ಪಲ್ಲ. ಕಳೆದ ಡಿಸೆಂಬರ್ 19ರಂದು ಅಡಿಲೇಡಿನಲ್ಲಿ 36 ರನ್ನಿಗೆ ಕುಸಿದ ಭಾರತ 29ರಂದು ಮೆಲ್ಬರ್ನ್ ಟೆಸ್ಟ್ ಗೆದ್ದಾಗ ‘ಪುಟಿದೆದ್ದ ಭಾರತ’ ಅಂತ ನಾನೇ ಖುಷಿಯಿಂದ ಹಾಕಿದ್ದೆ. ಚೆಂಡಿನ ಆಟಕ್ಕೆ ಚೆಂಡಿನ ಮಾತು ಒಪ್ಪುತ್ತದೆ. ನೆಲಕ್ಕೆ ಬಡಿದ ರಭಸವೇ ಚೆಂಡನ್ನು ಎಬ್ಬಿಸುತ್ತದೆ. ಜೋರಾಗಿ ಬಡಿದಷ್ಟೂ ಎತ್ತರ. ಅದೇ ಮಾತನ್ನು ಎಪ್ಪತ್ತು ದಾಟಿದ ಟೀಚರಿಗೆ ಹೇಳಿದರೆ, ಇನ್ನೂ ಗಟ್ಟಿಯಾಗಿ ಬಿದ್ದಿದ್ದರೆ ಇನ್ನೂ ಚೆನ್ನಾಗಿ ಏಳುತ್ತಿದ್ದಿರಿ ಅಂದ ಹಾಗಾಗುತ್ತದೆ.

ಪುಟಿ ಗಟ್ಟಿ ಧಾತು. ಪಾಲು ಹಾಲಾಗಿ, ಪೂ ಹೂವಾಗಿ, ಪುಟ್ಟು ಹುಟ್ಟಾದರೂ ಪುಟಿ ಪುಟಿಯಾಗಿಯೇ ಉಳಿಯಿತು. ಇಂಥದ್ದನ್ನೆಲ್ಲ ಜಿ. ವೆಂಕಟಸುಬ್ಬಯ್ಯನವರಿಗೆ ಬರೆದು ಕೇಳಬಹುದಿತ್ತು, ಪ್ರಜಾವಾಣಿಯ ‘ಇಗೋ ಕನ್ನಡ’ದಲ್ಲಿ ಎಷ್ಟು ಜನರ ಸಂಶಯಕ್ಕೆ ಉತ್ತರ ಕೊಟ್ಟವರು. ಈ ಏಪ್ರಿಲ್ 19ಕ್ಕೆ ಹೋಗಿಬಿಟ್ಟರು, 107ನೇ ವಯಸ್ಸಿನಲ್ಲಿ. ಪದದ ಅನುಮಾನ ಬಂದಾಗಲೆಲ್ಲ ಅವರು ಇಲ್ಲ ಅನ್ನುವುದು ಮತ್ತೆ ನೆನಪಾಗುತ್ತದೆ.

ನವೆಂಬರ್ 25, ಗುರುವಾರ

ಇವತ್ತು ಟೀಚರ್ ಜೊತೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆ, ನೆಲದ ತುಂಬ ಕೆಸರು. ಹಾರ್ಮೋನಿಯಂ ಮಂಚದ ಕೆಳಗಿತ್ತು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ತಿದಿಯಿಂದ ನೀರು ತೊಟ್ಟಿಕ್ಕಿ ಸೀರೆಯೆಲ್ಲ ಒದ್ದೆ.

ಮನೆಯಲ್ಲಿ ಮೇಲಿನ ಹಲಗೆ ಬಿಚ್ಚಿ ಫ್ಯಾನ್ ಕೆಳಗೆ ಇಟ್ಟೆವು. ಟೀಚರ್ ಒಂದು ಬಿಳಿ ಕೀ ಒತ್ತಿದರು. ಅದು ಕೆಳಗೆ ಹೋಯಿತು, ಹೋದದ್ದು ಹಾಗೇ ಕೂತಿತು. ಅದರ ಸ್ಪ್ರಿಂಗ್ ಸರಿಯಾಗಿಯೇ ಇದೆ. ಮರ ನೀರು ಕುಡಿದು ಊದಿಕೊಂಡು ಅಕ್ಕಪಕ್ಕದ ಕೀಗಳು ಅದನ್ನು ಅಮುಕಿ ಹಿಡಿದಿವೆ. ಹಾಗೆ ಕೂತವು ಹನ್ನೊಂದು, ಎಣಿಸಿದೆ.

‘ಬಿಸಿಲಿಗೆ ಇಡೋಣ್ವಾ?’ ಅಂದೆ. ‘ಬೇಡ ಕಣೇ, ಒಂದೇ ಸಲ ಒಣಗಿಸಿದ್ರೆ ಮರ ಸೀಳತ್ತೆ. ನೆರಳಲ್ಲೇ ಇರಲಿ. ಅದೂ ಸುಧಾರಿಸ್ಕೊಳ್ಳಲಿ.’

ಆ ಮಾತು ರಾತ್ರಿಯವರೆಗೂ ಕಿವಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುವವರಿಗೂ ಸುಧಾರಿಸ್ಕೊಳ್ಳಿ ಅನ್ನುತ್ತೇವೆ, ಜ್ವರ ಬಿಟ್ಟವರಿಗೂ ಅನ್ನುತ್ತೇವೆ. ಇದ್ದುದರಲ್ಲೇ ಸಂಸಾರ ತೂಗಿಸುವವರು ‘ಹೇಗೋ ಸುಧಾರಿಸ್ಕೊಂಡು ಹೋಗ್ತಿದೀವಿ’ ಅನ್ನುತ್ತಾರೆ. ಚೇತರಿಸಿಕೊಳ್ಳು ಸ್ವಲ್ಪ ಆಸ್ಪತ್ರೆಯ, ಪತ್ರಿಕೆಯ ಮಾತಾಯಿತು. ಯಶವಂತಪುರದ ಮಂಡಿಯಲ್ಲಿ ಬಿದ್ದ ವ್ಯಾಪಾರ ಎದ್ದರೆ ‘ಕುದುರಿತು’ ಅನ್ನುತ್ತಾರೆ. ಮನುಷ್ಯರ ಏಳುವಿಕೆಗೆ ಬರುವ ಮಾತಿಗೆ ಮಾತ್ರ ಹೆಚ್ಚಾಗಿ ಒಂದು ‘ಕೊಳ್ಳು’ ಅಂಟಿಕೊಂಡಿರುತ್ತದೆ: ಸುಧಾರಿಸಿಕೊಳ್ಳು, ಚೇತರಿಸಿಕೊಳ್ಳು, ಸಾವರಿಸಿಕೊಳ್ಳು. ತನಗಾಗಿ ತಾನೇ ಮಾಡುವ ಕೆಲಸ ಅದು. ಬೆಲೆ ಕೊಟ್ಟು ಪಡೆಯುವುದಕ್ಕೂ ಕೊಳ್ಳುವುದು ಅಂತಲೇ ಅನ್ನುತ್ತೇವೆ. ಪುಟಿಯುವ ಚೆಂಡಿಗೆ ಈ ಕೊಳ್ಳು ಬೇಕಿಲ್ಲ.

ನವೆಂಬರ್ 28, ಭಾನುವಾರ

ದೊಡ್ಡಬಳ್ಳಾಪುರದ ಕಡೆಯಿಂದ ಚಿಕ್ಕಪ್ಪನ ಫೋನ್. ಕೊಯ್ಲಿಗೆ ಬಂದ ರಾಗಿ ಮಳೆಗೆ ಪೂರಾ ಮಲಗಿಬಿಟ್ಟಿದೆಯಂತೆ.

‘ಬಿಸಿಲು ಬಂದ್ರೆ ಎದ್ದೇಳಲ್ವಾ ಚಿಕ್ಕಪ್ಪ?’

‘ಎಳೇ ಪೈರಾಗಿದ್ರೆ ಏಳ್ತಿತ್ತು ಕಣಮ್ಮ. ಬಲಿತ ತೆನೆ ಎಲ್ಲಿ ಎದ್ದಾತು? ತೆನೆನಾಗೇ ಮೊಳಕೆ ಬಂದೈತೆ.’

ಎಳೇ ಪೈರಿನ ಮಾತು ನಿಜ. ಹಾವೇರಿ ಕಡೆ ಗುಳಿ ಪದ್ಧತಿಯಲ್ಲಿ ರಾಗಿ ಬೆಳೆಯುವವರು ಎಳೆಯ ಪೈರಿನ ಮೇಲೆ ಬೇಕೆಂದೇ ಕೊರಡು ಎಳೆಯುತ್ತಾರೆ. ಪೈರು ನೆಲಕ್ಕೆ ಒರಗಿ, ಎದ್ದು, ಮೊದಲಿಗಿಂತ ಹೆಚ್ಚು ತೆಂಡೆ ಹೊಡೆಯುತ್ತದೆ. ಅದೇ ರಾಗಿ ನವೆಂಬರಿನಲ್ಲಿ ಬಿದ್ದರೆ ಸಿಗುವುದು ಕಪ್ಪಿಟ್ಟ ಕಾಳು, ಕೊಳೆತ ಹುಲ್ಲು. ಬೀಳುವ ಹೊತ್ತು ಯಾವುದು ಅನ್ನುವುದನ್ನು ತಲೆಬರಹ ಕೇಳುವುದೇ ಇಲ್ಲ. ‘ಪುಟಿದೇಳಿ’ ಅಂತ ಇನ್ನೊಬ್ಬರಿಗೆ ವಿಧ್ಯರ್ಥದಲ್ಲಿ ಹೇಳುವುದು ನನಗೆ ಸಂಕಟ ತರುವುದು ಇದಕ್ಕೇ. ಚಿಕ್ಕಪ್ಪನಿಗೆ ಅಂಥ ಮಾತು ನನ್ನ ಬಾಯಿಂದ ಬರಲಿಲ್ಲ. ಹುಲ್ಲಾದರೂ ಸಿಗುತ್ತಾ ಅಂತ ಕೇಳಿದೆ. ಅರ್ಧ ಸಿಗಬಹುದು ಅಂದರು.

ಡಿಸೆಂಬರ್ 3, ಶುಕ್ರವಾರ

ಟೀಚರ್ ಮನೆಗೆ ಕರೆಂಟ್ ಬಂದಿದೆ, ನಾಳೆ ಹೊರಡುತ್ತಾರೆ. ಅಲ್ಲಿ ಗೋಡೆ ಇನ್ನೂ ಹಸಿ. ಇನ್ನೊಂದು ವಾರ ಇರಿ ಅಂದರೆ ಕೇಳಲಿಲ್ಲ.

ಸಂಜೆ ಹಾರ್ಮೋನಿಯಂ ಹಲಗೆ ಕೂರಿಸಿದೆವು. ಹನ್ನೊಂದರಲ್ಲಿ ಏಳು ಕೀ ಸಲೀಸಾಗಿವೆ. ಎರಡು ಒತ್ತಿದ ಮೇಲೆ ತಡೆದು ತಡೆದು ಮೇಲೆ ಬರುತ್ತವೆ, ಸ್ವರ ಎಳೆದುಕೊಂಡು. ಇನ್ನೆರಡು ಹಾಗೇ ಕೂತಿವೆ. ಟೀಚರ್ ಕಣ್ಣು ಮುಚ್ಚಿ ಮೋಹನ ನುಡಿಸಿದರು. ಕೂತ ಕೀ ಬಂದಾಗಲೆಲ್ಲ ಎಡಗೈಯನ್ನು ತಿದಿಯಿಂದ ತೆಗೆದು, ಉಗುರಿನಿಂದ ಅದನ್ನು ಮೇಲೆತ್ತಿ, ಮತ್ತೆ ತಿದಿ ಹಾಕಿ ಮುಂದುವರಿಸುತ್ತಿದ್ದರು.