ನೆಲದಡಿಯ ಬೇಲಿ

ಒಕ್ಕಲಿಗನಿಗೆ ಬೇಲಿಯೆಂದರೆ ಜೀವ. ಆದರೆ ಬೇಲಿಯ ಗೂಟವು ನೆಲದೊಳಕ್ಕೆ ಮೊಳದುದ್ದ ಇಳಿದರೆ ಹೆಚ್ಚು. ಅದಕ್ಕಿಂತ ಕೆಳಗೆ ತನ್ನದೆಷ್ಟು, ನೆರೆಯವನದೆಷ್ಟು ಎಂಬ ಪ್ರಶ್ನೆಯು ಬಾವಿಗೆ ಕೇಡು ಬರುವ ತನಕ ಯಾರಿಗೂ ಹೊಳೆಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಈಚಿನ ವರ್ಷಗಳಲ್ಲಿ ಇದು ಮನೆಮನೆಯ ಚಿಂತೆಯಾಯಿತು.

ಅದು ಗುಡ್ಡಗಳ ಸೀಮೆ. ಹೈನುಗಾರಿಕೆಯಿಂದ ಬದುಕುವ ಮನೆತನಗಳುಳ್ಳದ್ದು. ಆ ಗುಡ್ಡಗಳ ಕೆಳಗೆ, ಸುಮಾರು ಒಂದು ಮೈಲಿಯ ಆಳದಲ್ಲಿ, ಮಾರ್ಸೆಲಸ್ ಎಂದು ಹೆಸರಾದ ಶೇಲ್ ಕಲ್ಲಿನ ಪದರವೊಂದು ಹಾಸಿದೆ. ಅದರಲ್ಲಿ ಅಡಗಿರುವ ಉರಿಯುವ ಅನಿಲವು ಸಾಮಾನ್ಯ ಬಾವಿಗೆ ವಶವಾಗುವುದಲ್ಲ. ಆದುದರಿಂದ ಕೊಳವೆಯನ್ನು ನೇರವಾಗಿ ಇಳಿಸಿ, ಬಳಿಕ ಅಡ್ಡಕ್ಕೆ ತಿರುಗಿಸಿ, ಲಕ್ಷಾಂತರ ಗ್ಯಾಲನ್ ನೀರನ್ನು ಮರಳಿನೊಡನೆಯೂ ಅಲ್ಪಾಂಶದ ರಾಸಾಯನಿಕಗಳೊಡನೆಯೂ ಭಾರಿ ಒತ್ತಡದಿಂದ ನುಗ್ಗಿಸುತ್ತಾರೆ. ಕಲ್ಲು ಸೀಳುತ್ತದೆ, ಮರಳು ಸೀಳುಗಳನ್ನು ಮುಚ್ಚಗೊಡದು, ಅನಿಲವು ಮೇಲೇರುತ್ತದೆ. ಇದೇ ಫ್ರ್ಯಾಕಿಂಗ್.

ಸಾಲದಲ್ಲಿ ಮುಳುಗಿದ ರೈತನಿಗೆ ಗುತ್ತಿಗೆಯ ಮುಂಗಡವು ದೇವರು ಕೊಟ್ಟ ವರದಂತೆ ತೋರಿದುದರಲ್ಲಿ ಆಶ್ಚರ್ಯವೇನು? ಭೂಸ್ವಾಮಿಗೆ ಉತ್ಪತ್ತಿಯ ಎಂಟನೆಯ ಒಂದು ಪಾಲಾದರೂ ಸಲ್ಲಬೇಕೆಂದು ಆ ಸಂಸ್ಥಾನದ 1979ರ ಶಾಸನವು ವಿಧಿಸಿದೆ. ಆದರೆ ಬಾವಿಯಿಂದ ಹೊರಬಂದ ಅನಿಲವನ್ನು ಮಾರುಕಟ್ಟೆಗೆ ಸಾಗಿಸುವ ವೆಚ್ಚವನ್ನು ಈ ಪಾಲಿನಲ್ಲಿ ಮುರಿದುಕೊಳ್ಳಬಹುದೆಂದು 2010ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಮಾನಿಸಿತು. ಮೇಲಿನ ಮಣ್ಣು ಒಬ್ಬನದಾಗಿ, ಕೆಳಗಿನ ಖನಿಜವು ಎಂದೋ ಇನ್ನೊಬ್ಬನಿಗೆ ವಿಕ್ರಯವಾಗಿದ್ದ ಕಡೆಗಳಲ್ಲಂತೂ ಮನೆಯವನ ಪಾಲಿಗೆ ಬಂದುದು ಲಾರಿಗಳ ಧೂಳು ಮಾತ್ರ.

ನ್ಯಾಯಶಾಸ್ತ್ರಕ್ಕೂ ಈ ಸ್ವತ್ತು ಸುಲಭವಾಗಿ ಒಗ್ಗಿದುದಲ್ಲ. ಎಣ್ಣೆಯೂ ಅನಿಲವೂ ಕಾಡುಮೃಗದಂತೆ ಅಲೆಯುವ ಪದಾರ್ಥಗಳು, ಹಿಡಿದವನದೇ ಸ್ವತ್ತು ಎಂಬ ಭಾವನೆಯು 1889ರ ಪೆನ್ಸಿಲ್ವೇನಿಯದ ತೀರ್ಪೊಂದರಲ್ಲಿಯೇ ಕಾಣುತ್ತದೆ. ಸೀಳಿ ತೆಗೆದ ಅನಿಲಕ್ಕೂ ಈ ನಿಯಮವು ಅನ್ವಯಿಸುವುದೆಂದು 2020ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ಹೇಳಿತು. ಪರರ ನೆಲವನ್ನು ಪ್ರತ್ಯಕ್ಷವಾಗಿ ಹೊಕ್ಕರೆ ಮಾತ್ರ ಅದು ಅತಿಕ್ರಮಣ. ಮೈಲಿಯ ಆಳದಲ್ಲಿ ಸೀಳು ಎಲ್ಲಿಯವರೆಗೆ ಹೋಯಿತೆಂದು ಕಂಡು ಸಾಕ್ಷಿ ನುಡಿಯುವವರು ಯಾರು? ಇತ್ತ 2005ರ ಕೇಂದ್ರ ಶಾಸನವು, ಡೀಸೆಲ್ ಬಳಸಿದ ಸಂದರ್ಭವನ್ನುಳಿದು, ಈ ಕಾರ್ಯವನ್ನು ಕುಡಿಯುವ ನೀರಿನ ರಕ್ಷಣೆಯ ಕಾಯಿದೆಯ ಹಿಡಿತದಿಂದ ಹೊರಗಿರಿಸಿತ್ತು.

ಡಿಮಾಕ್ ಎಂಬ ಹಳ್ಳಿಯಲ್ಲಿ 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿಯು ಸಿಡಿಯಿತು. ನೀರಿನೊಡನೆ ಮೀಥೇನ್ ಸೇರಿತ್ತು. ದೋಷವು ಕಲ್ಲು ಸೀಳಿದುದರಲ್ಲಿ ಅಲ್ಲ, ಕೊಳವೆಯ ಸುತ್ತಣ ಗಾರೆಯ ಕಟ್ಟಿನಲ್ಲಿ ಎಂದು ವಾದಿಸುವವರುಂಟು. ಆ ಭೇದವು ಇಂಜಿನಿಯರಿಗೆ ದೊಡ್ಡದು. ಕೊಡ ಹಿಡಿದು ನಿಂತ ಗೃಹಿಣಿಗೆ ಎರಡೂ ಒಂದೆ. ಅನಿಲ ತೆಗೆಯುತ್ತಿದ್ದ ಕಂಪನಿಯು 2022ರಲ್ಲಿ ನ್ಯಾಯಾಲಯದ ಮುಂದೆ ಆರೋಪವನ್ನು ಎದುರಿಸದೆ, ಊರಿಗೆ ಕೊಳಾಯಿ ನೀರಿನ ವೆಚ್ಚವನ್ನು ಕೊಡಲೊಪ್ಪಿತು. ಸಿಡಿದ ಬಾವಿಗೂ ಈ ಒಪ್ಪಿಗೆಗೂ ನಡುವೆ ಹದಿಮೂರು ವರ್ಷಗಳು ಸಂದಿದ್ದುವು.

ಈ ಹಳ್ಳಿಯಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ನ್ಯೂಯಾರ್ಕ್ ಸಂಸ್ಥಾನದ ಗಡಿ. ಅದೇ ಶೇಲ್ ಪದರವು ಗಡಿಯನ್ನರಿಯದೆ ಮುಂದುವರಿಯುತ್ತದೆ. ಅಲ್ಲಿ ಡ್ರೈಡನ್ ಎಂಬ ಸಣ್ಣ ಊರು ತನ್ನ ಎಲ್ಲೆಯೊಳಗೆ ಈ ಕೆಲಸವನ್ನು ತಡೆಯಿತು. ಊರಿಗೆ ಆ ಅಧಿಕಾರವುಂಟೆಂದು 2014ರಲ್ಲಿ ಆ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನವೇ ನಿಷೇಧವನ್ನು ಸಾರಿತು; 2020ರಲ್ಲಿ ಅದು ಕಾಯಿದೆಯಾಯಿತು. ಗಡಿಯ ಈಚೆಗೆ ಹಣವೂ ಭಯವೂ ಬಂದುವು. ಆಚೆಗೆ ಎರಡೂ ಬರಲಿಲ್ಲ. ಕೈಗೆ ಬಂದ ಭಾಗ್ಯವು ತಪ್ಪಿತೆಂದು ಅಲ್ಲಿಯ ಭೂಸ್ವಾಮಿಗಳು ಹಲವರು ನೊಂದುಕೊಂಡರು. ಅವರನ್ನು ಲೋಭಿಗಳೆನ್ನುವುದು ಸಲ್ಲದು. ಹೊಲವನ್ನು ಉಳಿಸಿಕೊಳ್ಳುವುದೂ ನೀರನ್ನು ಉಳಿಸಿಕೊಳ್ಳುವುದೂ ಒಂದೇ ಆಸೆಯ ಎರಡು ಮುಖಗಳು.

ಕಲ್ಲಿದ್ದಲಿಗಿಂತ ಕಡಮೆ ಹೊಗೆಯಿಂದ ಉರಿಯುವ ಈ ಅನಿಲವನ್ನು ಬರಿಯ ಅನಿಷ್ಟವೆನ್ನಲಾಗದು. ಉರಿಯದೆ ಸೋರಿದರೆ ಅದೇ ಭೂಮಿಯ ತಾಪವನ್ನು ಬೆಳೆಸುವುದನ್ನೂ ಮರೆಯಲಾಗದು. ಆದರೆ ಲಾಭನಷ್ಟಗಳ ತಕ್ಕಡಿಗಿಂತ ಮೊದಲು ಕೇಳಬೇಕಾದ ಮಾತೊಂದಿದೆ. ಗುತ್ತಿಗೆಯ ಕಾಗದಕ್ಕೆ ಸಹಿ ಮಾಡುವವನು ಒಬ್ಬ. ನೆಲದಡಿಯ ನೀರನ್ನು ಕುಡಿಯುವವರು ಊರಿನವರೆಲ್ಲ. ಬೇಲಿಯು ನಿಂತುಹೋಗುವ ಆಳದಿಂದ ಮುಂದೆ ಒಬ್ಬನ ಒಪ್ಪಿಗೆಯು ಒಪ್ಪಿಗೆಯೆನಿಸೀತೆ?